ಗಾಲಿಕುರ್ಚಿಗೆ ಆಯುಧಪೂಜೆ

ಜಪಾನಿನ ಒಕಾಜಾಕಿಯಲ್ಲಿ ನಾವು ಬಾಡಿಗೆಗಿದ್ದದ್ದು ಒಂದು ಹಳೆಯ ಮನೆಯ ಮಹಡಿಯಲ್ಲಿ. ಕೆಳಗೆ ಮನೆಯ ಒಡತಿ ಅಜ್ಜಿ, ಜೊತೆಗೆ ಅವರ ನಾಯಿ. ನನಗೆ ನಾಯಿ ಎಂದರೆ ಅಷ್ಟಕ್ಕಷ್ಟೆ. ಇದಂತೂ ಮಹಾ ಪುಕ್ಕಲು. ಬಿಚ್ಚಿದ ಕೊಡೆ ಕಂಡರೆ ಓಟ, ಕೊರಿಯರ್ ಡಬ್ಬ ಕಂಡರೆ ಓಟ. ಕಾಗೆಗಳು ಕೆದಕದಿರಲಿ ಎಂದು ಕಸದ ಚೀಲಗಳ ಮೇಲೆ ಹೊದಿಸಿರುತ್ತಾರಲ್ಲ, ಆ ನೀಲಿ ಬಲೆಯನ್ನು ಕಂಡರೆ ರಸ್ತೆಯಲ್ಲೇ ಕೂತುಬಿಡುತ್ತಿತ್ತು. ಎಂಟು ವರ್ಷದ ಆ ಪ್ರಾಣಿಯನ್ನು ನನ್ನ ಹೆಂಡತಿ ‘ಮರಿ’ ಎಂದು ಕರೆಯುತ್ತಿದ್ದಳು.

ಕೊರೋನಾದ ಮೊದಲ ಬೇಸಿಗೆಯಲ್ಲಿ ಅಜ್ಜಿ ಬಾಗಿಲ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಂಬ್ಯುಲೆನ್ಸಿಗೆ ಏರಿಸುವಾಗ, ಆ ನೋವಿನಲ್ಲೂ ಮಲಗಿದಲ್ಲಿಂದಲೇ ತಲೆ ಬಾಗಿಸಿ ಸುಮಿಮಾಸೆನ್ ಎಂದು ಕ್ಷಮೆ ಕೇಳಿ ನಾಯಿಯ ಬೆಲ್ಟನ್ನು ನನ್ನ ಕೈಗಿಟ್ಟರು. ಆಸ್ಪತ್ರೆಯಲ್ಲಿ ಯಾರಿಗೂ ಭೇಟಿಯಿಲ್ಲ. ವಾರಕ್ಕೊಮ್ಮೆ ನರ್ಸ್ ಟ್ಯಾಬ್ಲೆಟ್ ಹಿಡಿದು ವಿಡಿಯೋ ಕರೆ ಮಾಡಿದಾಗ ನಮ್ಮ ಫೋನಿನಲ್ಲಿ ಅಜ್ಜಿಯ ಅರ್ಧ ಹಣೆ ಕಾಣುತ್ತಿತ್ತು. ನಾಯಿ ಆ ಫೋನಿನ ದನಿಗೂ ಹೆದರಿ ಮೇಜಿನಡಿ ಸೇರಿಕೊಳ್ಳುತ್ತಿತ್ತು.

ಸೆಪ್ಟೆಂಬರಿನಲ್ಲಿ ಅಜ್ಜಿಯ ಮಗ ಫೋನ್ ಮಾಡಿದರು. ದೂರದ ಶಿನಾಗಾವಾದಲ್ಲಿ ಅವರ ಕೆಲಸ, ಸೋಂಕಿನ ದೆಸೆಯಿಂದ ಊರಿಗೆ ಬರುವಂತಿರಲಿಲ್ಲ. ಅಮ್ಮ ಇನ್ನು ಗಾಲಿಕುರ್ಚಿಯಲ್ಲೇ ಓಡಾಡಬೇಕು, ಕುರ್ಚಿಗೆ ಹೆದರಿ ನಾಯಿ ಅಡ್ಡಾದಿಡ್ಡಿ ಓಡಿದರೆ ಅಮ್ಮ ಮತ್ತೆ ಬೀಳುತ್ತಾರೆ, ಅಕ್ಟೋಬರ್ ಕೊನೆಗೆ ಅವರು ಬರುವಷ್ಟರಲ್ಲಿ ಅದು ಒಗ್ಗಿಕೊಳ್ಳದಿದ್ದರೆ ಬೇರೆಯವರಿಗೆ ಕೊಟ್ಟುಬಿಡುವುದು ಎಂದು ಬಹಳ ವಿನಯದಿಂದ ಹೇಳಿದರು. ಅವರ ಮಾತು ಸರಿಯಾಗಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಗಂಡ ಹೋದಮೇಲೆ ಆ ಅಜ್ಜಿ ಬೆಳಗ್ಗೆ ಎದ್ದು ಮಾತಾಡಿಸುತ್ತಿದ್ದದ್ದು ಆ ನಾಯಿಯನ್ನೊಂದೇ.

ಕುರ್ಚಿ ಮುಂಚಿತವಾಗಿಯೇ ಬಂತು. ಚಪ್ಪಲಿ ಬಿಡುವ ಬಾಗಿಲ ಜಾಗದಲ್ಲಿ ಅದನ್ನು ಬಿಚ್ಚಿಟ್ಟು, ಬೆಲ್ಟ್ ಹಿಡಿದು ನಾಯಿಯನ್ನು ಎಳೆದೆ. ಅದು ಕತ್ತು ತಿರುಗಿಸಿ, ಕಣ್ಣಂಚಿನಲ್ಲಿ ಕುರ್ಚಿಯನ್ನೇ ನೋಡುತ್ತ, ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಆ ವಾರದ ಕರೆಯಲ್ಲಿ ನಾಚಿಕೆಪಟ್ಟುಕೊಂಡು ಅಜ್ಜಿಗೆ ಹೇಳಿದೆ.

“ಎಳೆಯಬೇಡಿ,” ಎಂದರು ಅಜ್ಜಿ. “ಪಕ್ಕದಲ್ಲಿ ಸುಮ್ಮನೆ ಕಾಯಿರಿ. ತಾನಾಗಿ ಬರುತ್ತದೆ.”

ಕಾಯುವುದು ನನ್ನ ಜಾಯಮಾನದಲ್ಲೇ ಇಲ್ಲ. ಆದರೆ ನಾನು ಕೆಲಸ ಮಾಡುವ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಒಂದು ಪಾಠ ಕಲಿತಿದ್ದೆ: ಒಂದು ಸಲಕ್ಕೆ ಒಂದೇ ಬದಲಾವಣೆ. ಮಡಿಸಿದ ಕುರ್ಚಿಯನ್ನು ಮೂಲೆಗಿಟ್ಟು ಊಟದ ಬಟ್ಟಲನ್ನು ದೂರದಲ್ಲಿಟ್ಟೆ. ದಿನಕ್ಕೆ ಒಂದು ಗೇಣು ಹತ್ತಿರ. ಆಮೇಲೆ ಕುರ್ಚಿಯನ್ನು ಬಿಚ್ಚಿಟ್ಟೆ. ಆಮೇಲೆ ನಾನೇ ಅದರಲ್ಲಿ ಕೂತೆ, ಕೈಯಲ್ಲಿ ಒಣಕೊಬ್ಬರಿಯ ಚೂರು ಹಿಡಿದು. ನಗೋಯಾದ ಇಂಡಿಯನ್ ಅಂಗಡಿಯಿಂದ ತರಿಸಿದ ಕೊಬ್ಬರಿ ಎಂದರೆ ಅದಕ್ಕೆ ಪ್ರಾಣ. ಮೂರು ವಾರಕ್ಕೆ ನಾಯಿ ಕುರ್ಚಿಯ ಒಂದು ಮಾರು ದೂರಕ್ಕೆ ಬಂದು ಕೂತು, ಕೊಬ್ಬರಿ ಎಸೆ ಎನ್ನುವಂತೆ ನೋಡತೊಡಗಿತು. ನಾನು ದೊಡ್ಡ ಸಾಧಕನಂತೆ ಬೀಗುತ್ತಿದ್ದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಮೈಸೂರಿನವನಾದ ನಾನು ಲ್ಯಾಪ್‌ಟಾಪಿಗೆ, ಕಾರಿಗೆ, ರೈಸ್ ಕುಕ್ಕರಿಗೆ ಕುಂಕುಮ ಇಟ್ಟವನು, ಗಾಲಿಯಿರುವ ಒಂದು ವಸ್ತುವನ್ನು ಹಾಗೇ ಬಿಡುವುದುಂಟೇ? ಅದೂ ಅಜ್ಜಿ ಕೂರಬೇಕಾದದ್ದು. ಕುರ್ಚಿಯ ಹಿಡಿಗೆ ಸೇವಂತಿಗೆ ಕಟ್ಟಿದೆ, ಆರತಿ ಎತ್ತಿದೆ, ನಾಲ್ಕು ಗಾಲಿಗಳ ಕೆಳಗೂ ನಿಂಬೆಹಣ್ಣಿಟ್ಟು ಭಾರ ಹಾಕಿ ಮುಂದಕ್ಕೆ ತಳ್ಳಿದೆ. ನಿಂಬೆ ಚಿಮ್ಮಿ ಗೋಡೆಯವರೆಗೂ ರಸ ಹಾರಿತು. ನಾಯಿ ನಾಲ್ಕು ಸಲ ಸೀನಿ, ಬಾಲ ಮುದುರಿಕೊಂಡು, ಹಿಂದಿನ ಕೋಣೆಯ ಬೀರುವಿನೊಳಗೆ ಹೋಗಿ ಸೇರಿತು.

“ಮೂರು ವಾರದ ಕೆಲಸ, ಒಂದೇ ನಿಮಿಷದಲ್ಲಿ ವೇಸ್ಟ್ ಮಾಡಿದ್ರಿ,” ಎಂದಳು ಹೆಂಡತಿ. “ಫೋನಲ್ಲಿ ಒಂದ್ಸಲ ಚೆಕ್ ಮಾಡಬಾರದಿತ್ತಾ? ನಾಯಿಗಳಿಗೆ ಲೆಮನ್ ಸ್ಮೆಲ್ ಆಗಲ್ವಂತೆ.”

ಅಜ್ಜಿ ಬರಲು ಆರು ದಿನ ಉಳಿದಿತ್ತು. ಅವರಿಗೆ ಒಳ್ಳೆಯದಾಗಲಿ ಎಂದು ಮಾಡಿದ ಪೂಜೆಯೇ ಅವರ ನಾಯಿಯನ್ನು ಕಿತ್ತುಕೊಳ್ಳುವಂತಾಯಿತಲ್ಲ ಎಂದು ಕಣ್ಣು ತುಂಬಿತು. ಟೂತ್‌ಬ್ರಷ್ ಹಿಡಿದು ಗಾಲಿಗಳ ಸಂದುಸಂದನ್ನೂ ಉಜ್ಜಿದೆ. ಕೆಲಸಕ್ಕೆ ರಜೆ ಹಾಕಿದೆ. ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಸುಮ್ಮನೆ ಕಾದೆ. ಮೊದಲನೇ ದಿನ ಬೀರುವಿನಿಂದ ಮೂಗು ಮಾತ್ರ ಹೊರಗೆ ಬಂತು. ಮೂರನೇ ದಿನ ನಾಯಿ ನನ್ನ ತೊಡೆಯ ಹಿಂದೆ ಅವಿತು ಗಾಲಿಯನ್ನು ಮೂಸಿತು. ಐದನೇ ದಿನ ಸೀಟಿನ ಮೇಲಿದ್ದ ಕೊಬ್ಬರಿಯನ್ನು ತಿಂದು, ಇನ್ನೂ ಬೇಕೆಂದು ಗದ್ದವನ್ನು ಅಲ್ಲೇ ಊರಿ ನಿಂತಿತು. ನಾನು ಅದರ ತಲೆ ಸವರಿದೆ. ನಾಯಿ ಎಂದರೆ ಅಷ್ಟಕ್ಕಷ್ಟೆ ಎಂಬ ನನ್ನ ಮಾತನ್ನು ಆಮೇಲೆ ಯಾರೂ ನಂಬಲಿಲ್ಲ.

ಅಜ್ಜಿ ಬಂದದ್ದು ಮಧ್ಯಾಹ್ನ, ಆಸ್ಪತ್ರೆಯ ಸಹಾಯಕಿಯ ಜೊತೆ ಟ್ಯಾಕ್ಸಿಯಲ್ಲಿ. ತುಂಬಾ ಸೊರಗಿದ್ದರು. ಮುಖದ ತುಂಬಾ ಮಾಸ್ಕ್. ನಾನು ಕುರ್ಚಿಯನ್ನು ಟ್ಯಾಕ್ಸಿಯ ಬಾಗಿಲಿಗೆ ತಂದು ನಿಲ್ಲಿಸಿದೆ. ನಾಯಿ ಹೆಂಡತಿಯ ಕಾಲ ಹತ್ತಿರ ನಿಂತಿತ್ತು, ಓಡಲಿಲ್ಲ. ಆದರೆ ಅಜ್ಜಿ ಇಳಿಯಲಿಲ್ಲ. ಕತ್ತು ಆಚೆ ತಿರುಗಿಸಿ, ಕಣ್ಣಂಚಿನಲ್ಲಿ ಕುರ್ಚಿಯನ್ನು ನೋಡುತ್ತ, ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದರು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ನೆರೆಹೊರೆಯವರೆಲ್ಲ ನೋಡುವ ರಸ್ತೆಯಲ್ಲಿ ಅದರಲ್ಲಿ ಕೂರಬೇಕಿತ್ತು.

ಸಹಾಯಕಿ ಅವರ ತೋಳು ಹಿಡಿಯಲು ಕೈ ಚಾಚಿದರು. ನಾನು ತಡೆದೆ.

“ಸುಮಿಮಾಸೆನ್, ಎಳೆಯುವುದು ಬೇಡ. ಸ್ವಲ್ಪ ಕಾಯೋಣ.”

ಕಾದೆವು. ಆಗ ನಾಯಿ ಕೊಬ್ಬರಿಯ ಆಸೆಯಿಂದ ಮುಂದೆ ಬಂದು, ಖಾಲಿ ಸೀಟಿನ ಮೇಲೆ ಗದ್ದ ಊರಿ, ಅಜ್ಜಿಯ ಕಡೆ ನೋಡಿತು. ಅಜ್ಜಿ ಅದನ್ನೇ ಬಹಳ ಹೊತ್ತು ನೋಡಿದರು. ಬಾಗಿಲ ಹಿಡಿಯನ್ನು ಬಿಟ್ಟರು. ನಾಯಿಯ ತಲೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಸಹಾಯಕಿಯ ಭುಜ ಹಿಡಿದು ಕುರ್ಚಿಯಲ್ಲಿ ಕೂತರು.

ನಾಯಿಗೆ ಕೊಡಲಿ ಎಂದು ಜೇಬಿನಲ್ಲಿದ್ದ ಕೊಬ್ಬರಿ ಚೂರನ್ನು ಅವರ ಕೈಗಿಟ್ಟೆ. ಅದು ನಾಯಿಗೆಂದು ನಾನು ಹೇಳುವಷ್ಟರಲ್ಲೇ ಅವರು ಕೃತಜ್ಞತೆಯಿಂದ ಅರಿಗಾತೋ ಎಂದು ತಲೆ ಬಾಗಿಸಿ, ಮಾಸ್ಕನ್ನು ಗದ್ದಕ್ಕಿಳಿಸಿ, ಅದನ್ನು ತಮ್ಮ ಬಾಯಿಗೇ ಹಾಕಿಕೊಂಡರು. ಆ ಮುಖ ಕಂಡದ್ದೇ ತಡ, ನಾಯಿ ಒಂದು ಸಲ ಕುಂಯ್ ಎಂದು ಮುಂಗಾಲೆರಡನ್ನೂ ಅವರ ಮಡಿಲಿಗಿಟ್ಟಿತು.