ಪಡಸಾಲೆಯಲ್ಲಿ ತೂಗಿದ ಬಾಟಲಿ

ತೊಂಬತ್ತರ ದಶಕದ ನಡುವಿನ ಮಾತು. ಅಪ್ಪನ ಹೃದಯ ಹಿಗ್ಗಿ ಸೋತುಹೋಗಿತ್ತು. ದೊಡ್ಡ ದವಾಖಾನೆಗೆ ಒಯ್ಯಿರಿ ಎಂದರು ಸಿಂಧನೂರಿನ ಡಾಕ್ಟರು. "ಸತ್ರ ಮನ್ಯಾಗ ಸಾಯ್ತೀನಿ" ಎಂದು ಅಪ್ಪ ಹಟ ಹಿಡಿದ. ಕೊನೆಗೆ ಡಾಕ್ಟರೇ ಸೋತು, ಹೃದಯಕ್ಕೆ ಬಲ ಕೊಡುವ ಔಷಧಿಯನ್ನು ಗ್ಲುಕೋಸ್ ಬಾಟಲಿಯಲ್ಲಿ ಬೆರೆಸಿ ಮನೆಯಲ್ಲೇ ನರಕ್ಕೆ ಹನಿಸಲು ಒಪ್ಪಿದರು. ಬಳಗಾನೂರಿನ ನಮ್ಮ ಪಡಸಾಲೆಯ ಕಂಬದ ಮೊಳೆಗೆ ಬಾಟಲಿ ತೂಗಿತು. ಹನಿ ಹೊಂದಿಸಿ ಹೋಗಲು ಊರ ಕಂಪೌಂಡರು ಬರುತ್ತಿದ್ದರು. ನಳಿಕೆಯ ಮೇಲಿನ ಪುಟ್ಟ ಗಾಲಿ ತೋರಿಸಿ ದಿನಾ ಅದೇ ಮಾತು: "ಇದನ್ನ ಯಾರೂ ಮುಟ್ಟಬ್ಯಾಡ್ರಿ. ಜೋರು ಹೋದ್ರ ಎದಿ ತಡಕೊಳ್ಳಂಗಿಲ್ಲ."

ಲಿಂಗಸುಗೂರಿನ ಗಂಡನ ಮನೆಯಿಂದ ನಾನು ಆರೈಕೆಗೆ ಬಂದಿದ್ದೆ. ಮಲಗಿದರೆ ಉಸಿರು ಕಟ್ಟುತ್ತದೆಂದು ಭತ್ತದ ಚೀಲಕ್ಕೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ ಅಪ್ಪ, ಬಾಟಲಿ ಶುರುವಾದ ಮೇಲೆ ದಿಂಬಿಗೆ ತಲೆಯಿಟ್ಟು ಮಲಗಿದ. ಉಪ್ಪಿಲ್ಲದ ನುಚ್ಚು ಉಣ್ಣುತ್ತ "ಇದು ದನದ ಕೂಳು" ಎಂದು ಅವ್ವನನ್ನು ಬೈದ. ಅವ್ವ ಒಳಗೆ ಹೋಗಿ ಅತ್ತಳು. ಬೈಯುವಷ್ಟು ಉಸಿರು ಬಂದಿತ್ತಲ್ಲ, ಆ ಸಂತೋಷಕ್ಕೆ.

ನಮ್ಮ ಕಡೆ ರೋಗಿಯನ್ನು ಮಾತಾಡಿಸಲು ಬರದಿದ್ದರೆ ನೆಂಟಸ್ತಿಕೆಯೇ ಮುರಿದಂತೆ. ಬಂದವರೆಲ್ಲ ಡಾಕ್ಟರೇ! ಒಂದು ಮಧ್ಯಾಹ್ನ ಅವ್ವನ ಅಣ್ಣ, ನನ್ನ ಸೋದರಮಾವ ಮಸ್ಕಿ ಕಡೆಯಿಂದ ಬಂದ. ಕಾಲುವೆಯ ತುದಿಗೆ ಅವನ ಗದ್ದೆ. ಮೇಲಿನವರು ಹರಿಸಿಕೊಂಡು ಉಳಿದದ್ದೇ ಅವನ ಪಾಲಿನ ನೀರು. ಕಾವಲುಗಾರನ ಕಣ್ಣು ತಪ್ಪಿಸಿ ತೂಬು ಎತ್ತಿ ಬದುಕಿದ ಮನುಷ್ಯ. ಬಾಟಲಿ ನೋಡಿ ಸಿಡುಕಿದ.

"ಏನ್ ಬೇ ಇದು? ಹಿಂಗ ತೊಟ್ಟಿಕ್ಕಿದ್ರ ಮೈಯಾಗ ಶಕ್ತಿ ಯಾವಾಗ ಬರ್ಬೇಕು?"

"ಮುಟ್ಟಬ್ಯಾಡ ಮಾವ. ಹಂಗ ಹೋಗ್ಬೇಕದು" ಎಂದು ಹೇಳಿಯೇ ನಾನು ಒಳಗೆ ಹೋದೆ. ತವರಿನವನು ಬಂದಿದ್ದಾನೆಂದು ಅವ್ವ ಆಗಲೇ ರೊಟ್ಟಿ ಬಡಿಯುತ್ತಿದ್ದಳು.

ತಾಟು ಹಿಡಿದು ಇಬ್ಬರೂ ಹೊರಗೆ ಬರುವಷ್ಟರಲ್ಲಿ ಬಾಟಲಿ ಖಾಲಿಯಾಗಿತ್ತು. ಮಾವ ಅಪ್ಪನ ಕಾಲು ಒತ್ತುತ್ತ ಕೂತಿದ್ದ. ಮುಖ ಅರಳಿತ್ತು. "ಪೂರಾ ಒಳಗ ಹೋತು ನೋಡು" ಎಂದ. ಬನಿಯನ್ನಿನಡಿ ಅಪ್ಪನ ಎದೆ ಹಾರುತ್ತಿತ್ತು. ಮಾತು ಹೊರಡಲಿಲ್ಲ. ಅವ್ವ ತಾಟು ಬಿಟ್ಟು ಓಡಿ ಅವನನ್ನು ಎತ್ತಿ ಒರಗಿಸಿಕೊಂಡಳು. ಅವಳ ತೋಳಲ್ಲೇ ಜೀವ ಹೋಯಿತು.

ಕಂಪೌಂಡರು ಬಂದಾಗ ಪಡಸಾಲೆ ತುಂಬ ಜನ. ಅಪ್ಪನ ಅಣ್ಣ, ನನ್ನ ದೊಡ್ಡಪ್ಪನೂ ಹೆಣದ ಪಕ್ಕ ಕೂತಿದ್ದ. ಪೂರ್ತಿ ಬಿಟ್ಟಿದ್ದ ಗಾಲಿಯನ್ನು ಕಂಪೌಂಡರು ಹಿಡಿದು ನೋಡಿದರು.

"ಯಾರ್ರೀ ಇದನ್ನ ತಿರುವಿದವ್ರು?"

ಮಾವನ ಅಳು ಗಕ್ಕನೆ ನಿಂತಿತು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿಬಿಟ್ಟಳು. "ನಾನ ತಿರುವೀನ್ರಿ."

ಮಾವ ತಲೆ ತಗ್ಗಿಸಿ ಮತ್ತೆ ಅಳತೊಡಗಿದ.

ದಿನಕರ್ಮ ಮುಗಿದ ಮೇಲೆ ಅವ್ವನ ಜೊತೆ ಜಗಳಕ್ಕೆ ಬಿದ್ದೆ. ಯಾಕೆ ಹಾಗಂದೆ ಎಂದು ಕಿರುಚಿದೆ. "ಗಂಡ ಹೋದ. ತವರೂ ಹೋಗ್ಲೇನ ಬೇ?" ಎಂದಳು. ಯಾರಿಗೂ ಹೇಳದಂತೆ ನನ್ನಿಂದ ಆಣೆ ಮಾಡಿಸಿಕೊಂಡಳು. ಮಾವ ಪ್ರತಿ ಪಂಚಮಿಗೆ ಅವಳನ್ನು ಕರೆಯಲು ತಪ್ಪದೆ ಬಂದ. ನಿಜ ಮಾತ್ರ ಅವನ ಬಾಯಿಂದ ಬರಲಿಲ್ಲ. ಅವನ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ದೊಡ್ಡಪ್ಪ ತಾನು ಸಾಯುವ ತನಕ ಅವ್ವನ ಕೈಯಿಂದ ಒಂದು ತಂಬಿಗೆ ನೀರು ಇಸಿದುಕೊಂಡು ಕುಡಿಯಲಿಲ್ಲ.