ಕಟ್ಟು ಕುಡಿದ ಟಮಾಟಿ ಗಿಡಗಳು

ನಾನು ಚಿಕ್ಕವಳಿದ್ದಾಗ ಹೊರ್ತಿಯ ನಮ್ಮ ಮನೆಯ ಅಡುಗೆಮನೆಯಲ್ಲಿ ಕಸವೇ ಇರಲಿಲ್ಲ. ಹೀಗೆಂದರೆ, ಮಕ್ಕಳೇ, ನೀವು ನಂಬುವುದಿಲ್ಲ, ನಂಬಲೂ ಬೇಡಿ. ಒಲೆಯ ಬೂದಿ ಇತ್ತು, ಉಳ್ಳಾಗಡ್ಡಿಯ ಸಿಪ್ಪೆ ಇತ್ತು, ಸೋಸಿ ಬಿಟ್ಟ ಚಹಾಪುಡಿ ಇತ್ತು. ಆದರೆ ಹೆಚ್ಚಿನವಕ್ಕೆ ಆಗಲೇ ಒಬ್ಬ ಯಜಮಾನ ಇರುತ್ತಿದ್ದ. ಹೀರೇಕಾಯಿಯ ಸಿಪ್ಪೆ ಚಟ್ನಿಗೆ, ಬೂದಿ ಪಾತ್ರೆ ತಿಕ್ಕಲು, ಸಗಣಿ ಒಲೆ ಉರಿಸುವ ಕುಳ್ಳಿಗೆ. ಬೇಳೆ ತೊಳೆದ ನೀರು, ಬದನೆಕಾಯಿಯ ತೊಟ್ಟು, ಜೋಳದ ತವಡು ಎಲ್ಲ ಎಮ್ಮೆಗೆ. ಹಿತ್ತಲಿನ ಕಲ್ಲಿನ ಬಾನಿಯಲ್ಲಿ ಇವೆಲ್ಲ ಕೂಡಿ ಹುಳಿ ವಾಸನೆಯ ಮುಸುರಿ ಆಗುತ್ತಿತ್ತು. ಸಂಜೆ ಎಮ್ಮೆ ಅದನ್ನು ಸೊರ್ರೆಂದು ಹೀರುವ ಸದ್ದು ಕೇಳಿದರೆ ಅವ್ವನ ಮುಖ ಅರಳುತ್ತಿತ್ತು.

ಇದು ಎಪ್ಪತ್ತರ ದಶಕದ ಮಾತು. ನನಗೆ ಎಂಟೋ ಒಂಬತ್ತೋ ವರ್ಷ. ಅಪ್ಪ ಇಂಡಿ ಊರಿನ ಸಂತೆಯಿಂದ ತಂದ ಟಮಾಟಿಗಳಲ್ಲಿ ಒಂದು ಒಡೆದು ಕೊಳೆತಿತ್ತು. ಅದನ್ನು ಬಚ್ಚಲ ನೀರು ಹರಿಯುವ ಕಡೆ ಹಿಚುಕಿ ಬಿಟ್ಟಿದ್ದೆ. ಎರಡು ಗಿಡ ಬದುಕಿದವು. ಎಲೆ ಸವರಿದರೆ ಬೆರಳಿಗೆ ಹತ್ತುವ ಆ ಖಾರದಂಥ ಹಸಿರು ವಾಸನೆ ನನಗೆ ಹೂವಿಗಿಂತ ಇಷ್ಟವಾಗಿತ್ತು. ಅವಕ್ಕೆ ಉಣಿಸಲು ಎಮ್ಮೆಯ ಪಾಲನ್ನೇ ಕದಿಯತೊಡಗಿದೆ. ದಿನಕ್ಕೊಂದು ಹಿಡಿ ಸಿಪ್ಪೆ, ಒಂದು ತಂಬಿಗೆ ಬೇಳೆ ನೀರು.

ಒಂದು ದಿನ ಅವ್ವ ಹಿಡಿದೇಬಿಟ್ಟಳು.

"ಎಮ್ಮಿ ಬಾಯಾಗಿಂದು ಕಸಗೊಂಡು ಗಿಡಕ್ಕ ಹಾಕ್ತಿಯೇನ? ಆ ಗಿಡ ನಿನಗ ಹಾಲು ಕೊಡ್ತೈತೇನು? ಇನ್ನೊಮ್ಮಿ ಏನರ ಮುಟ್ಟು, ಎರಡೂ ಕಿತ್ತು ಒಗಿತೇನಿ."

ಅವ್ವ ಹೇಳಿದ್ದನ್ನು ಮಾಡುವವಳು.

ಅದಾದ ಸ್ವಲ್ಪ ದಿನಕ್ಕೆ, ಲಗ್ನವಾದ ಮೇಲೆ ಮೊದಲ ಸಲ, ಅಕ್ಕ ಗಂಡನ ಜೊತೆ ನಿಡಗುಂದಿಯಿಂದ ಬಂದಳು. ಅವರನ್ನು ನಾನು ಮಾಮಾ ಎನ್ನುತ್ತಿದ್ದೆ. ಹೊಸ ಅಳಿಯ ಬಂದರೆ ಹೋಳಿಗೆ ಆಗಲೇಬೇಕು. ಕಡಲೆಬೇಳೆ ಬೇಯಿಸಿ ಬಸಿದ ನೀರಿಗೆ ಕಟ್ಟು ಎನ್ನುತ್ತಾರೆ; ಹೋಳಿಗೆಯ ಜೊತೆಗಿನ ಸಾರು ಆಗುವುದು ಅದರಿಂದ. ಅವ್ವ ಕಟ್ಟನ್ನು ಬೋಗಾಣಿಗೆ ಬಸಿದು ಹಿತ್ತಲ ಬಾಗಿಲ ಹತ್ತಿರ ಆರಲು ಇಟ್ಟಿದ್ದಳು. ದಿನವೂ ಬೇಳೆ ತೊಳೆದ ನೀರು ಇರುತ್ತಿದ್ದುದು ಅದೇ ಬೋಗಾಣಿಯಲ್ಲಿ, ಅದೇ ಜಾಗದಲ್ಲಿ. ನಾನು ಎತ್ತಿ ಎರಡೂ ಗಿಡಗಳಿಗೆ ಸುರಿದೆ. ಬೋಗಾಣಿ ಇನ್ನೂ ಉಗುರುಬೆಚ್ಚಗಿತ್ತು. ಬೇಳೆ ತೊಳೆದ ನೀರು ಬೆಚ್ಚಗಿರುವುದಿಲ್ಲ ಎಂದು ಆಗಲೇ ಹೊಳೆಯಬೇಕಿತ್ತು. ಹೊಳೆದಿತ್ತೋ ಏನೋ.

ಹುರಿದ ಕೊಬ್ಬರಿ, ಲವಂಗದ ವಾಸನೆಯ ಮಸಾಲೆ ಕೈಯಲ್ಲಿ ಹಿಡಿದು ಅವ್ವ ಬಂದಳು. ಖಾಲಿ ಬೋಗಾಣಿ ನೋಡಿದಳು, ಗಿಡದ ಬುಡದ ಹಸಿ ಮಣ್ಣು ನೋಡಿದಳು, ನನ್ನನ್ನು ನೋಡಿದಳು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗು ನುಂಗಿದಳು.

"ಅಳ್ಯಾರ ಊಟ ಮುಗೀಲಿ," ಎಂದಳು ಅವ್ವ, ತಣ್ಣಗೆ. "ಆಮ್ಯಾಲ ಆ ಗಿಡದ ಗತಿ ನೋಡಂತಿ."

ಬೆಂದ ಬೇಳೆಯನ್ನೇ ಎರಡು ಹಿಡಿ ಹಿಸುಕಿ ನೀರಿಗೆ ಕದಡಿ ಸಾರು ಮಾಡಿದಳು. ಆ ಸಾರಿಗೆ ನನ್ನ ಟಮಾಟಿಯನ್ನು ಹಾಕಿದ್ದರು ಎಂದು ಅಕ್ಕ ಈಗಲೂ ಹೇಳುತ್ತಾಳೆ. ಕತೆಗೆ ಅದು ಚೆನ್ನಾಗಿ ಒಪ್ಪುತ್ತದೆ. ಆದರೆ ಅಂದು ಗಿಡದಲ್ಲಿ ಇದ್ದದ್ದು ಗೋಲಿಯಷ್ಟು ದಪ್ಪದ ಹಸಿರು ಕಾಯಿಗಳು. ನನಗೆ ನೆನಪಿರುವುದು ತುಪ್ಪ ಸುರಿದ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಹಿತ್ತಲಿಗೆ ಓಡಿದ್ದು.

ಊಟ ಮುಗಿಯಿತು. ಅವ್ವ ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ಬಂದಳು. ನಾನು ಗಿಡದ ಮುಂದೆ ನಿಂತೆ. ಅಷ್ಟರಲ್ಲಿ ಕೈ ತೊಳೆಯಲು ಬಂದ ಮಾಮಾ ಗಿಡದ ಹತ್ತಿರ ಬಗ್ಗಿ ಕಾಯಿ ಎಣಿಸಿದರು.

"ಅತ್ತಿಯವರ, ಕಾಯಿ ಭಾಳ ಚಲೋ ಹಿಡದಾವ್ರಿ. ಹಣ್ಣಾದ ಮ್ಯಾಲ ಬೀಜಕ್ಕಂತ ಒಂದೆರಡು ನಮಗ ತಗದಿಡ್ರಿ."

ಹೊಸ ಅಳಿಯ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಅವ್ವ ಮೆಲ್ಲಗೆ ಸೆರಗು ಸಡಿಲಿಸಿದಳು.

"ಇಡ್ತೇನ್ರಿ. ನಿಮ್ಮ ನಾದಿನಿ ಅವಕ್ಕ ಹೋಳಿಗಿ ಊಟಾನ ಹಾಕ್ಯಾಳ. ಹಿಡೀದ ಏನ ಮಾಡ್ತಾವ?"

ಗಿಡಗಳು ಉಳಿದವು. ಮರುದಿನದಿಂದ ಅವ್ವನೇ ಒಂದು ತಂಬಿಗೆ ಬೇಳೆ ನೀರು ತೆಗೆದಿಟ್ಟು, "ಅಳ್ಯಾರ ಗಿಡಕ್ಕ ಹಾಕಿ ಬಾ" ಎನ್ನುತ್ತಿದ್ದಳು. ನನ್ನ ಗಿಡ ಎಂದು ಯಾರೂ ಅನ್ನಲಿಲ್ಲ. ಆದರೂ ನೀರು ಹಾಕುತ್ತಿದ್ದವಳು ನಾನೇ.

ಮಾಮಾ ತಾವಾಗಿ ಕೇಳಿದರೋ, ಅಕ್ಕ ಹೇಳಿಕೊಟ್ಟಿದ್ದಳೋ? ಮೊನ್ನೆ ಫೋನಿನಲ್ಲಿ ಕೇಳಿದೆ. "ನಾನ ಕಣ್ಣಸನ್ನಿ ಮಾಡಿದ್ದೆ, ಅವರಿಗೆ ಎಲ್ಲಿ ತಿಳೀತಿತ್ತು," ಎಂದಳು ಅಕ್ಕ. ಹಿಂದಿನಿಂದ ಮಾಮಾ, "ಸುಳ್ಳ ಹೇಳಾಕತ್ತಾಳ," ಎಂದರು. ಎರಡೂ ಮಾತನ್ನು ಹಾಗೇ ಇಟ್ಟುಕೊಂಡಿದ್ದೇನೆ.

ಮಕ್ಕಳೇ, ನಿಮ್ಮ ಅಡುಗೆಮನೆಯಲ್ಲಿ ಹಸಿ ಕಸಕ್ಕೇ ಒಂದು ಬಕೆಟ್ ಇದೆ. ಬೆಳಗ್ಗೆ ಹಾಡು ಹಾಕಿಕೊಂಡು ಗಾಡಿ ಬಂದು ಒಯ್ಯುತ್ತದೆ. ಅದರ ಮೇಲೆ ಯಾವ ಎಮ್ಮೆಯ ಹಕ್ಕೂ ಇಲ್ಲ. ನಿನ್ನೆ ನೀವು ಚಹಾಪುಡಿ, ಬಾಳೆಹಣ್ಣಿನ ಸಿಪ್ಪೆ ಎತ್ತಿಕೊಂಡು ಹೋಗಿ ನಮ್ಮ ಟೆರೇಸಿನ ಟಮಾಟಿ ಕುಂಡಕ್ಕೆ ಹಾಕಿದಿರಿ. ಯಾರೂ ತಡೆಯಲಿಲ್ಲ, ಯಾರೂ ಬೈಯಲಿಲ್ಲ. ಗಿಡ ನಿಮ್ಮದೇ ಎಂದು ಎಲ್ಲರೂ ಒಪ್ಪಿದ್ದಾರೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಒಂದು ಸಲ, ಸುಮ್ಮನೆ, ಅವ್ವನ ಹಾಗೆ ನಿಮ್ಮನ್ನು ಬೈಯಬೇಕು ಅನ್ನಿಸಿತು.