ಬಿಚ್ಚಿ ನೋಡದ ಕಂಪ್ಯೂಟರು

ಓಣಿಯ ಮಗ್ಗಗಳ ಸಪ್ಪಳ ನಿಂತಿತೆಂದರೆ ಊಟದ ಹೊತ್ತಾಯಿತೆಂದು ತಿಳಿಯುತ್ತಿದ್ದ ದಿನಗಳವು. ಇಳಕಲ್ಲಿನ ನಮ್ಮ ಮನೆಯಲ್ಲಿ ನೂಲಿಗೆ ಹಚ್ಚಿದ ಗಂಜಿಯ ಹುಳಿ ವಾಸನೆ ಸದಾ ಇರುತ್ತಿತ್ತು. ನೆಲ ತೋಡಿ ಹಾಕಿದ ಕುಣಿಮಗ್ಗಗಳು ಎರಡು. ಒಂದರಲ್ಲಿ ಅಪ್ಪ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಿದ್ದ, ಇನ್ನೊಂದರಲ್ಲಿ ಅವನ ತಂಗಿ ಗಂಗತ್ತಿ. ಗಂಡನ ಮನೆಯಿಂದ ಒಂದು ಟ್ರಂಕು ಹಿಡಿದು ಬಂದವಳು ಮತ್ತೆ ಹೋಗಿರಲಿಲ್ಲ. ಕುಣಿಯ ತಂಪಿಗೆ ಮೊಣಕಾಲು ಹಿಡಿದುಕೊಂಡು, ಸಂಜೆ ಅವಳು ಮೇಲೇಳಬೇಕಾದರೆ ನಾನು ಕೈ ಕೊಡಬೇಕಾಗುತ್ತಿತ್ತು.

ಆದರೆ ಅತ್ತಿಯ ಬೆರಳು! ಮದುವೆಗೆ ಮುಂಚೆ ಟೈಪಿಂಗ್ ಕ್ಲಾಸಿಗೆ ಹೋಗಿ ಕನ್ನಡ ಟೈಪು ಪಾಸು ಮಾಡಿದ್ದಳು. ಕೀಲಿ ನೋಡದೆ ಟಕಟಕ ಹೊಡೆಯುತ್ತಿದ್ದಳು. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನ ಮಾಲಕರು, "ಮನ್ಯಾಗ ಒಂದು ಕಂಪ್ಯೂಟರ್ ಇಟ್ಕೋ ತಂಗಿ. ಲಗ್ನದ ಸುಗ್ಗಿ ಕೆಲಸ ಅಷ್ಟೂ ನಿನಗ ಕೊಡ್ತೇನಿ" ಎಂದಿದ್ದರು. ಕುಣಿಯಿಂದ ಹೊರಬರಲು ಅವಳಿಗಿದ್ದದ್ದು ಅದೊಂದೇ ದಾರಿ.

ಕಂಪ್ಯೂಟರು ಆರಿಸುವವರು ಯಾರು? ನಾನು! ಏಳನೇ ಇಯತ್ತೆಯ ಮಹಾಪಂಡಿತೆ. ಸಾಲೆಯಲ್ಲಿ ವಾರಕ್ಕೊಂದು ಪಿರಿಯಡ್ಡು, ಒಂದು ಕಂಪ್ಯೂಟರಿಗೆ ಐದು ಹುಡುಗಿಯರು. ನನ್ನ ಪಾಳಿಗೆ ಮೌಸು ಬಂದಾಗ ಒಂದು ಗುಡಿಸಲು ಬರೆದು, ಬಾಗಿಲಿಗೆ ಬಣ್ಣ ತುಂಬುವಷ್ಟರಲ್ಲಿ ಗಂಟೆ ಹೊಡೆದಿತ್ತು. ಮನೆಗೆ ಬಂದು ಮಾತ್ರ, "ನಂಗ ಕಂಪ್ಯೂಟರ್ ಎಲ್ಲಾ ಬರ್ತೈತಿ" ಎಂದು ಬಡಾಯಿ ಕೊಚ್ಚಿದ್ದೆ.

ಬಾಗಲಕೋಟೆಯ ಅಂಗಡಿಯಲ್ಲಿ ಒಂದು ರೆಡಿ ಸೆಟ್ಟು ಇತ್ತು. ಉಳಿದವುಗಳಿಗಿಂತ ಭಾಳ ಸೋವಿ. ಡಬ್ಬಿಯ ಮುಂದೆ ನೀಲಿ ದೀಪ. "ಪೂರಾ ಸೆಟ್ ರೀ ಅಣ್ಣಾರ. ಸ್ಪೀಕರ್ ಫ್ರೀ, ಮ್ಯಾಲೆ ಹೊಚ್ಚಾಕ ಕವರ್ ಫ್ರೀ. ಇಷ್ಟಕ್ಕ ಎಲ್ಲೂ ಸಿಗಂಗಿಲ್ಲ" ಎಂದ ಅಂಗಡಿಯವ. ಡಬ್ಬಿಗೆ ಅಂಟಿಸಿದ್ದ ಚೀಟಿಯಲ್ಲಿ ಅದರ ಮೆಮೊರಿ ಎಷ್ಟೆಂದು ಬರೆದಿತ್ತು. ಅದು ಹೆಚ್ಚೋ ಕಡಿಮೆಯೋ ನನಗೇನು ಗೊತ್ತು? ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಗಂಭೀರವಾಗಿ ತಲೆಯಾಡಿಸಿದೆ.

ಅಪ್ಪ ಯಾವ ಸೀರೆಯನ್ನೂ ಮುಂಭಾಗ ನೋಡಿ ಹೊಗಳಿದವನಲ್ಲ. ತಿರುವಿ ಹಾಕಿ, ಸೆರಗು ಮೈಗೆ ಕೂಡುವಲ್ಲಿ ಕೊಂಡಿಗಳ ಮೇಲೆ ಹೆಬ್ಬೆರಳು ಆಡಿಸಿ, ಆಮೇಲೆ ಮಾತು. ಇಲ್ಲಿಯೂ ಡಬ್ಬಿಯನ್ನು ತಿರುವಿ ಬೆನ್ನ ಮೇಲೆ ಹೆಬ್ಬೆರಳು ಆಡಿಸಿದ.

"ಇದನ್ನ ಬಿಚ್ಚಿ ಒಳಗ ತೋರಸ್ರಿ."

"ಇದು ಸೀರಿ ಅಲ್ರಿ ಅಣ್ಣಾರ!" ಅಂಗಡಿಯವ ನಕ್ಕ. "ಬಿಚ್ಚಿದ್ರ ತಿಳಿಯೂದು ಯಾರಿಗ್ರಿ?"

"ಯಾಕ, ನಮ್ಮ ಸವ್ವಿ ಅದಾಳಲ್ಲ."

ಅಪ್ಪ ನನ್ನ ಕಡೆ ತಿರುಗಿದ. ಅತ್ತಿಯೂ ತಿರುಗಿದಳು. ಅಂಗಡಿಯವ ಸ್ಕ್ರೂ ಡ್ರೈವರಿಗೆ ಕೈ ಹಾಕಿದ. ಅಯ್ಯೋ ಶಿವನೇ, ಬಿಚ್ಚಿ ತೋರಿಸಿ 'ಇದೇನವಾ, ಅದೇನವಾ' ಎಂದು ಕೇಳಿದರೆ?

"ಬ್ಯಾಡಪ್ಪಾ, ಬಿಚ್ಚಿದ್ರ ಗ್ಯಾರಂಟಿ ಹೋಗ್ತೈತಿ. ಛಲೋ ಐತಿ, ತಗೋ."

"ಭಾಳ ಶಾಣ್ಯಾ ಹುಡುಗಿ ಅದಾಳ್ರಿ!" ಎಂದು ಅಂಗಡಿಯವ ಸ್ಕ್ರೂ ಡ್ರೈವರ್ ಕೆಳಗಿಟ್ಟ. ಬಸ್‌ಸ್ಟ್ಯಾಂಡಿನಲ್ಲಿ ಅತ್ತಿ ಖುಷಿಯಿಂದ ಚುರುಮುರಿ, ಮಿರ್ಚಿಭಜಿ ಕೊಡಿಸಿದಳು. ನನ್ನ ಪಾಲಿನದನ್ನು ಹಾಗೇ ಅಪ್ಪನ ಕೈಗಿಟ್ಟೆ.

ವಿಭೂತಿ ಹಚ್ಚಿ ಪೂಜೆ ಮಾಡಿದ ಕಂಪ್ಯೂಟರು ಎರಡು ದಿನ ನೆಟ್ಟಗಿತ್ತು. ಪತ್ರಿಕೆ ಜೋಡಿಸುವ ಸಾಫ್ಟ್‌ವೇರು ಹಾಕಿದ್ದೇ ತಡ, ಅದು ಮೊಂಡ ಎತ್ತಿನ ಹಾಗೆ ಕುಂತುಬಿಟ್ಟಿತು. ಕೂಡಲಸಂಗಮದಲ್ಲಿ ನಡೆಯುವ ಲಗ್ನವೊಂದರ ಪತ್ರಿಕೆ. ಸುಖಾಗಮನ ಬಯಸುವ ಕಾಕಾ, ಮಾವಂದಿರೇ ನಲವತ್ತು ಮಂದಿ. ಅತ್ತಿ ಕೊನೆಯ ಹೆಸರಿಗೆ ಬರುವಾಗ ಪರದೆ ನಿಂತಿತು. ಆರಿಸಿ ಹಚ್ಚಿದರೆ ಒಬ್ಬ ಮಾವನೂ ಉಳಿದಿರಲಿಲ್ಲ. ಮರುದಿನವೂ ಹಾಗೇ ಆಯಿತು.

ಅಪ್ಪ ಮಗ್ಗದಿಂದಲೇ ಕೂಗಿದ: "ಸವ್ವಿ, ಬ್ಯಾರೆ ಅಂಗಡಿಗೆ ಒಯ್ದು ಬಿಚ್ಚಿಸಿ ನೋಡೂಣೇನು?"

ಮತ್ತೆ ಅದೇ ಬಿಚ್ಚುವ ಮಾತು! ಬಿಚ್ಚಿದರೆ ನಾನು ಸಿಕ್ಕಿಬೀಳುತ್ತೇನೆ. ನಾಲಿಗೆಗೆ ಬಂದದ್ದನ್ನು ಆಡಿಬಿಟ್ಟೆ.

"ಕಂಪ್ಯೂಟರ್ ಛಲೋನ ಐತಪ್ಪಾ. ಅತ್ತಿ ಭಾಳ ಜೋರ್ ಹೊಡಿತಾಳ. ಇದೇನ್ ಟೈಪ್ ಮಷಿನ್ನಾ?"

ಅತ್ತಿ ಎರಡೂ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. "ಹೌದೇನವಾ? ತಪ್ಪಾತು. ಇನ್ನ ಮ್ಯಾಲೆ ಮೆಲ್ಲಕ ಹೊಡಿತೇನಿ."

ಆಮೇಲೆ ಅವಳು ಕೀಲಿಗಳನ್ನು ಬಿಸಿ ಹಂಚು ಮುಟ್ಟಿದ ಹಾಗೆ ಮುಟ್ಟತೊಡಗಿದಳು. ಒಂದು ಅಕ್ಷರ ಒತ್ತುವುದು, ಡಬ್ಬಿಯ ಕಡೆ ನೋಡುವುದು, ಇನ್ನೊಂದು ಒತ್ತುವುದು. ಪರದೆ ನಿಂತಾಗಲೆಲ್ಲ, "ಮತ್ತ ಜೋರ್ ಹೊಡದ್ನೇನ ಸವ್ವಿ?" ಎಂದು ಕೇಳುವಳು. ಹೂಂ ಅನ್ನದೆ ನನಗೆ ಗತಿ ಇರಲಿಲ್ಲ. ಆ ಬೇಸಿಗೆ ಸೂಟಿಯಲ್ಲಿ ಗೆಳತಿಯರು ಅಂಗಳದಲ್ಲಿ ಕುಂಟಬಿಲ್ಲೆ ಆಡುತ್ತಿದ್ದರೆ ನಾನು ಹೊರಗೆ ಹೋಗಲೂ ಆಗದೆ, ಆ ನೀಲಿ ದೀಪದ ಮುಂದೆ ಕೂರಲೂ ಆಗದೆ ಹಿತ್ತಲ ಬಾಗಿಲಲ್ಲಿ ನಿಂತು ಉಗುರು ಕಡಿಯುತ್ತಿದ್ದೆ. 'ಸುಳ್ಳು ಹೇಳಿದೆ ಅತ್ತಿ' ಎಂಬ ಮಾತು ದಿನಾ ಬಾಯಿತನಕ ಬರುವುದು, ದಿನಾ ನುಂಗುವುದು.

ಮೂರನೆಯ ಪತ್ರಿಕೆಯೂ ತಡವಾದಾಗ ಪ್ರೆಸ್ಸಿನವರು ಬಂದು ಕಾಗದಗಳನ್ನೆಲ್ಲ ವಾಪಸು ಒಯ್ದರು. ಅತ್ತಿ ಫ್ರೀ ಸಿಕ್ಕ ಕವರನ್ನು ನೀಟಾಗಿ ಹೊಚ್ಚಿ, ಗೋಡೆ ಹಿಡಿದು ಕುಣಿಗೆ ಇಳಿದಳು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವಳು ನನ್ನನ್ನೇ ಸಮಾಧಾನ ಮಾಡಿದಳು. "ಅಳಬ್ಯಾಡ ನನ ಕಂದ. ನೀ ಛಲೋದನ್ನ ಆರಿಸಿದ್ದಿ. ನನ್ನ ಕೈನ ಒರಟು." ಕೈಗೊಂದು ಶೇಂಗಾ ಉಂಡಿ ಇಟ್ಟಳು. ಅಳುತ್ತಲೇ ಅದನ್ನು ಪೂರಾ ತಿಂದೆ.

ಈಗ ನಾನು ಸಾಲೆಯಲ್ಲಿ ಕಂಪ್ಯೂಟರು ಕಲಿಸುತ್ತೇನೆ. ನಗಬೇಡಿ. ನೌಕರಿ ಸಿಕ್ಕ ವರ್ಷ ಊರಿಗೆ ಹೋಗಿ ಆ ಡಬ್ಬಿ ಬಿಚ್ಚಿದೆ. ಚೀಟಿಯಲ್ಲಿ ಬರೆದ ಮೆಮೊರಿಯಲ್ಲಿ ಒಳಗಿದ್ದದ್ದು ಅರ್ಧವೇ; ಪರದೆ ನಿಲ್ಲುತ್ತಿದ್ದದ್ದು ಅದಕ್ಕೆ. ಅಪ್ಪ ಹೇಳಿದಂತೆ ಬೇರೆ ಅಂಗಡಿಗೆ ಒಯ್ದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. 'ನಂಗ ತಿಳಿಯಂಗಿಲ್ಲಪ್ಪಾ' ಎಂದು ಒಂದು ಮಾತು ಅಂದಿದ್ದರೂ ಅಪ್ಪ ತಿಳಿದವರನ್ನು ಕರೆದೊಯ್ಯುತ್ತಿದ್ದ.

ನಮ್ಮ ಮಗ್ಗಗಳು ನಿಂತಿವೆ. ಕುಣಿ ಮುಚ್ಚಿ ಮೇಲೆ ಫರಸಿಕಲ್ಲು ಹಾಕಿಸಿದ್ದೇವೆ. ಹೋದ ತಿಂಗಳು ಅತ್ತಿಗೊಂದು ಮೊಬೈಲು ಒಯ್ದುಕೊಟ್ಟೆ. ಅವಳು ಎಷ್ಟು ಹಗುರ ಮುಟ್ಟುತ್ತಾಳೆಂದರೆ ಪರದೆಗೆ ಗೊತ್ತೇ ಆಗುವುದಿಲ್ಲ.

"ಗಟ್ಟ್ಯಾಗಿ ಒತ್ತು ಅತ್ತಿ, ಏನೂ ಆಗಂಗಿಲ್ಲ."

"ಬ್ಯಾಡವಾ," ಎಂದು ನಕ್ಕು ಕೈ ಹಿಂದಕ್ಕೆ ತೆಗೆದುಕೊಂಡಳು. "ನೀನ ಹೇಳಿದ್ದ್ಯಲ್ಲ, ನಾ ಭಾಳ ಜೋರ್ ಹೊಡಿತೇನಿ ಅಂತ. ಇದನ್ನೂ ಕೆಡಿಸಿಗಿಡಿಸೇನು."

ಕೀಲಿ ನೋಡದೆ ಟಕಟಕ ಹೊಡೆಯುತ್ತಿದ್ದ ಆ ಬೆರಳುಗಳ ಸಪ್ಪಳ ನಮ್ಮ ಮನೆಯಲ್ಲಿ ಮತ್ತೆ ಕೇಳಿಲ್ಲ. ಅದನ್ನು ನಿಲ್ಲಿಸಿದವಳು ನಾನು. ಇಲ್ಲಿ ಬರೆದೆ, ಅವಳೆದುರು ಇನ್ನೂ ಹೇಳಿಲ್ಲ.